ಹಣೆಯ ಕೆಳಗಿನ ಮಣ್ಣು

ಕಳೆದ ವಾರ ಲಂಡನ್ನಿನ ಇಲ್ಫರ್ಡಿನಲ್ಲಿ ಅಂಗಡಿಯೊಂದರ ಮುಂದೆ ಖರ್ಜೂರದ ಗೊಂಚಲುಗಳನ್ನು ತೂಗುಹಾಕಿದ್ದರು. ಅರ್ಧ ಹಳದಿ, ಅರ್ಧ ಕಂದು. ಒಂದನ್ನು ಮೂಗಿನ ಹತ್ತಿರ ಹಿಡಿದೆ. ನಲವತ್ತು ವರ್ಷಗಳ ಹಿಂದಿನ ನಮ್ಮ ಸ್ಟೋರ್‌ಕೀಪರ್ ಎದುರಿಗೆ ಬಂದು ನಿಂತಂತಾಯಿತು...

ಎಸ್ಸೆಸ್ಸೆಲ್ಸಿ ಮುಗಿಸಿ ಸೌದಿಗೆ ಹೋದ ನಾನು ಒಂದು ಕಂಪನಿಯ ಸ್ಟೋರಿನಲ್ಲಿ ಅವನ ಕೈಕೆಳಗೆ ಇದ್ದೆ. ಅವನು ಆ ನೆಲದವನೇ, ಆದರೆ ಶಿಯಾ. ಅಲ್ಲಿ ಅವರು ಕಡಿಮೆ ಜನ. ಗೊತ್ತಾದರೆ ಕೆಲಸಕ್ಕೇ ಕುತ್ತೆಂದು ಅದನ್ನು ಹೇಳಿಕೊಳ್ಳುತ್ತಿರಲಿಲ್ಲ. ನಮ್ಮಿಬ್ಬರಿಗೂ ಕಂಪನಿಯ ಒಂದೇ ರೂಮು. ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ ಗಣಪತಿಯ ಪಟವನ್ನು ಅವನೊಮ್ಮೆ ನೋಡಿಬಿಟ್ಟ. ಅಲ್ಲಿ ಬೇರೆ ದೇವರ ಪಟ ಇಡುವಂತಿರಲಿಲ್ಲ; ಯಾರಿಗಾದರೂ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅವನು ಮುಚ್ಚಳ ಹಾಕಿ, "ಸದೀಕ್, ಇದರ ಬೀಗ ಎಲ್ಲಿ?" ಎಂದಷ್ಟೇ ಕೇಳಿದ. ಸದೀಕ್ ಎಂದರೆ ಗೆಳೆಯ.

ಒಂದು ಶುಕ್ರವಾರ ತನ್ನೂರು ಕತೀಫಿಗೆ ಕರೆದುಕೊಂಡು ಹೋದ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳುಗಾಡು, ನಡುವೆ ಸಾವಿರಾರು ವರ್ಷದಿಂದ ಚಿಲುಮೆಯ ನೀರು ಕುಡಿದು ಬೆಳೆದ ಖರ್ಜೂರದ ತೋಟಗಳು. ಅವನ ತಾಯಿ ಬಾಗಿಲ ಮರೆಯಿಂದಲೇ ಮೀನು, ಅನ್ನ ಕಳಿಸಿದರು. ನಾನು ಮೀನು ಮುಟ್ಟದಿದ್ದಾಗ, "ಹುಲ್ಲು ತಿನ್ನೋ ಮೇಕೆ!" ಎಂದು ಅವನು ನಕ್ಕ. ಬರಿ ಅನ್ನ, ಮೊಸರು ಬಂದವು. ಮಧ್ಯಾಹ್ನ ನಮಾಜಿಗೆ ನಿಂತವನು ಜೇಬಿನಿಂದ ಮಣ್ಣಿನ ಸಣ್ಣ ಬಿಲ್ಲೆ ತೆಗೆದು ಅದರ ಮೇಲೆ ಹಣೆ ಇಟ್ಟ. ಅದು ಇರಾಕಿನ ಕರ್ಬಲಾದ ಪವಿತ್ರ ಮಣ್ಣು, ಶಿಯಾಗಳ ಪದ್ಧತಿ. ಹೊರಗಿನವರ ಎದುರು ಅವನು ಅದನ್ನು ತೆಗೆದದ್ದು ಅದೇ ಮೊದಲ ಸಲವಂತೆ.

ತಿಂಗಳೊಳಗೆ ಮೇಲಧಿಕಾರಿ ನನ್ನನ್ನು ಕರೆಸಿದ. "ಅವನು ಹಣೆಯ ಕೆಳಗೆ ಮಣ್ಣು ಇಡ್ತಾನಾ? ನೀನು ಅವನ ಮನೆಗೆ ಹೋಗಿದ್ದೆಯಲ್ಲ?" ಯಾರೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ಸ್ಟೋರಿಗೆ ಹೊಸ ಯಜಮಾನ ಬೇಕು, ಅದು ನೀನೇ ಆಗಬಹುದು ಎಂದನಷ್ಟೆ. ನಾನು ಹೌದು ಎಂದೆ. ಒಬ್ಬ ಮನುಷ್ಯ ಎಲ್ಲಿ ಹಣೆ ಇಡುತ್ತಾನೆಂದು ಕೇಳಲು ಆ ಅಧಿಕಾರಿ ಯಾರು? ಹೇಳಲು ನಾನು ಯಾರು?

ಇಲ್ಲಿ, ಮಗನ ಮನೆಗೆ ಬರುವ ಬೆಂಗಳೂರಿನವರೊಬ್ಬರಿಗೆ ಇದನ್ನು ಹೇಳಿದೆ. "ಬಿಡಿ ಸಾರ್, ಹೊಟ್ಟೆಪಾಡು. ನೀವೇನ್ ಮಾಡೋಕಾಗ್ತಿತ್ತು?" ಅಂದರು. ಮೈ ಉರಿದುಹೋಯಿತು. ಸುಮ್ಮನಿರಬಹುದಿತ್ತು ಸ್ವಾಮಿ! ಅವನು ನನ್ನ ವಿಷಯದಲ್ಲಿ ಸುಮ್ಮನಿರಲಿಲ್ಲವೇ?

ಕೆಲಸ ಕಳೆದುಕೊಂಡು ಹೊರಡುವ ದಿನ ಅವನು ಸ್ಟೋರಿನ ಕೀಲಿಕೈ ನನ್ನ ಕೈಗಿಟ್ಟ. ಹೇಳಿದ್ದು ಯಾರೆಂದು ಅವನಿಗೆ ಗೊತ್ತಿತ್ತು. ಆದರೂ ಬಾಗಿಲಲ್ಲಿ ನಿಂತು, "ರೂಮಿಗೆ ಹೊಸಬ ಬರ್ತಾನೆ. ಟ್ರಂಕಿಗೆ ಬೀಗ ಹಾಕೋದು ಮರೀಬೇಡ" ಎಂದ. ಆಮೇಲೆ ಅವನು ಎಲ್ಲಿ ಹೋದನೋ... ನಾನು ಹುಡುಕಲೂ ಇಲ್ಲ.

ಅದೇ ಗಣಪತಿ ಪಟ ಈಗ ಇಲ್ಲಿಯ ನಡುಮನೆಯಲ್ಲಿ, ಬೀದಿಗೆ ಕಾಣುವ ಹಾಗೆ ತೂಗುತ್ತಿದೆ. ಸೊಸೆ ನಾನು ಅಂಗಡಿಯಿಂದ ತಂದ ಆ ಖರ್ಜೂರವನ್ನು ತಟ್ಟೆಯಲ್ಲಿಟ್ಟು, "ಮಾವ, ನೈವೇದ್ಯ ಮಾಡಿ" ಎಂದಳು. ನನ್ನ ಕೈ ಏಳಲಿಲ್ಲ.