ಮಾತಾಡಿದರೆ ಆಟ ಹೋಯಿತು

ಗೋಕಾಕಕ್ಕೆ ಬಂದ ಮೊದಲ ಭಾನುವಾರವೇ ನನ್ನ ಕೈಮೇಲೆ ಏಟು ಬಿತ್ತು. ಹೊಡೆದವರು ನಾನು ಕೋಣೆ ಹಿಡಿದಿದ್ದ ಮನೆಯ ಯಜಮಾನಿ ನೀಲವ್ವ. ಇಸ್ಪೀಟಾಟದ ನಡುವೆ ನನ್ನ ಹತ್ತಿರ ಆಟೀನು ರಾಣಿ ಇದೆ ಎಂದು ಹೇಳಲು ಬಾಯಿ ತೆರೆದಿದ್ದೆ, ಅಷ್ಟೆ.

“ಮಾತಾಡಿದ್ರ ಆಟ ಹೋಗತೈತ್ರಿ ಅಕ್ಕಾರ,” ಎಂದರು.

ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದವಳು ಇಲ್ಲಿ ಅಕ್ಕಾರು. ನಮ್ಮ ತುಮಕೂರಿನಲ್ಲಿ ಮೇಷ್ಟರ ಕೈಗೆ ಹೊಡೆಯುವ ಎದೆಗಾರಿಕೆ ಯಾರಿಗಿದೆ?

ಆಟದ ಹೆಸರು ಮೆಂಡಿಕೋಟ್. ನಾಲ್ವರು ಕೂರಬೇಕು, ಎದುರುಬದುರಾದವರು ಜೋಡಿ. ಇಸ್ಪೀಟಿನ ಹತ್ತರ ಎಲೆಗೆ ಮೆಂಡಿ ಎನ್ನುತ್ತಾರೆ. ಹೆಚ್ಚು ಮೆಂಡಿ ಗೆದ್ದ ಜೋಡಿಗೆ ಆಟ. ಜೋಡಿಯವಳನ್ನು ಏನೂ ಕೇಳುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ, ಸುಮ್ಮಸುಮ್ಮನೆ ಕೆಮ್ಮುವಂತೆಯೂ ಇಲ್ಲ. ಅವಳು ಹಾಕಿದ ಎಲೆ ನೋಡಿಯೇ ಮನಸ್ಸು ತಿಳಿಯಬೇಕು. ನಮ್ಮ ಕಡೆ ಇಸ್ಪೀಟು ಎಂದರೆ ಹರಟೆಗೊಂದು ನೆಪ. ಇಲ್ಲಿ ಪಗಾರ ಎಷ್ಟು, ಲಗ್ನ ಯಾಕೆ ಆಗಿಲ್ಲ ಎಂದು ಮೊದಲ ದಿನವೇ ಕೇಳಿದ ಹೆಂಗಸರು ಎಲೆ ಹಿಡಿದೊಡನೆ ಮೂಕರಾಗುತ್ತಿದ್ದರು.

ನೀಲವ್ವ ನನ್ನ ಜೋಡಿ. ಅವರ ಸೊಸೆ ಗಂಗವ್ವನಿಗೆ ಬಾಜೂ ಮನೆಯ ಖತೀಜಾಬಿ ಜೋಡಿ. ಖತೀಜಾಬಿ ನಿಯಮದಲ್ಲಿ ಕೂದಲೆಳೆಯಷ್ಟೂ ಬಿಡುವವರಲ್ಲ.

ನನಗಾದರೋ ಬಂದ ದಿನದಿಂದ ಹೊರಡುವ ಧ್ಯಾನ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದು, ಬಿಸಿಲು ತಡೆಯದು, ಟ್ರಂಕಿನಿಂದ ಸೀರೆಗಳನ್ನೂ ಪೂರ್ತಿ ತೆಗೆದಿರಲಿಲ್ಲ. ಆಟದಲ್ಲೂ ಅದೇ ಚಡಪಡಿಕೆ. ಒಮ್ಮೆ ನೀಲವ್ವನ ಎಕ್ಕ ಆಗಲೇ ಗೆದ್ದಿತ್ತು. ಅದರ ಮೇಲೆ ನಾನು, ಉಳಿದೆಲ್ಲ ಎಲೆಗಳನ್ನೂ ಸೋಲಿಸುವ ಹುಕುಮಿನ ಎಲೆ ಹೊಡೆದು ವ್ಯರ್ಥ ಮಾಡಿದೆ.

ಆಟ ಮುಗಿದ ಮೇಲೆ ಅವರು ಕೇಳಿದರು: “ಎದುರಿಗೆ ನಾ ಕುಂತೇನಲ್ರಿ? ಎಲ್ಲಾ ನೀವಽ ಗೆಲ್ಲಬೇಕೇನ್ರಿ?”

ನನಗೆ ಸಿಟ್ಟು ಬಂತು. ಒಂಟಿಯಾಗಿ ಬದುಕುವವಳು ಇನ್ನೊಬ್ಬರನ್ನು ನಂಬಿ ಕೂರುವುದು ಹೇಗೆ? ಆದರೂ ಮುಂದಿನ ವಾರ ಕೂತೆ, ಅದರ ಮುಂದಿನ ವಾರವೂ. ಮಳೆಗಾಲ ಕಳೆಯುವಷ್ಟರಲ್ಲಿ ನೀಲವ್ವನ ಎಲೆ ಬರುವ ಮೊದಲೇ ನನ್ನ ಮೆಂಡಿಯನ್ನು ಹಾಕಿಬಿಡುವ ಧೈರ್ಯ ಬಂತು. ಹೆಚ್ಚಿನ ಸಲ ಅವರು ಅದನ್ನು ಗೆದ್ದುಕೊಟ್ಟರು. ರೊಟ್ಟಿಯೂ ಇಳಿಯತೊಡಗಿತು. ಮಡಕಿಕಾಳಿನ ಪಲ್ಯ ಜೊತೆಗಿದ್ದರೆ ಇನ್ನೊಂದು ಬೇಕೆನಿಸುತ್ತಿತ್ತು.

ಅಷ್ಟರಲ್ಲಿ ತುಮಕೂರಿನ ಶಾಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ಕೂಡಲೇ ಹೊರಟು ಬಾ ಎಂದು ಅಣ್ಣ ಬರೆದ. ಬೇಡಿಕೊಂಡದ್ದೇ ಸಿಕ್ಕಿತ್ತು; ಹಾಗಿದ್ದೂ ಉತ್ತರ ಬರೆಯಲು ಕೈ ಬರಲಿಲ್ಲ. ಇರು ಎಂದು ಇಲ್ಲಿ ಒಬ್ಬರಾದರೂ ಹೇಳಲಿ ಎಂದು ಕಾದೆ. ನೀಲವ್ವ “ನಿಮ್ಮ ಊರು, ನಿಮ್ಮ ಮಂದಿ, ನಾವೇನ ಹೇಳೂದ್ರಿ” ಎಂದಷ್ಟೇ ಅಂದು ರೊಟ್ಟಿ ಬಡಿಯಲು ಹೋದರು. ನನಗೆ ಅಳು ಬರುವಷ್ಟು ಬೇಸರವಾಯಿತು.

ಆ ಭಾನುವಾರವೂ ಆಟಕ್ಕೆ ಕೂತೆವು. ನಾಲ್ಕರಲ್ಲಿ ಎರಡು ಮೆಂಡಿ ನಮ್ಮ ಕಡೆ ಬಂದಿದ್ದವು, ಇನ್ನೊಂದು ಬಂದರೆ ಗೆದ್ದಂತೆ. ಆಡುವ ಸರದಿ ನೀಲವ್ವನದು. ಅವರು ಎಲೆ ಹಾಕಲಿಲ್ಲ. ಕೈಯಲ್ಲಿದ್ದ ಎಲೆಗಳನ್ನೇ ನೋಡುತ್ತ ಹೇಳಿದರು:

“ಹೋಗಬ್ಯಾಡ್ರಿ ಅಕ್ಕಾರ.”

ಗಂಗವ್ವ ತಲೆ ತಗ್ಗಿಸಿದಳು. ಖತೀಜಾಬಿ ಮಾತ್ರ ನಮ್ಮ ಎರಡು ಮೆಂಡಿಗಳನ್ನೂ ತಮ್ಮ ಕಡೆ ಎಳೆದುಕೊಂಡರು. “ಮಾತಾಡಿದ್ರಿ, ಆಟ ನಮ್ದು,” ಎಂದವರೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಹೋಗಲಿಲ್ಲ. ತುಮಕೂರಿನ ಕೆಲಸ ಬೇರೆಯವರ ಪಾಲಾಯಿತು, ಅಣ್ಣ ವರ್ಷವಿಡೀ ಮಾತು ಬಿಟ್ಟ. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ಅತ್ತಿಗೆ “ನಿಮ್ಮ ಕನ್ನಡ ಕೆಟ್ಟಿದೆ” ಎಂದು ನಗುತ್ತಾರೆ; ಆ ಸೀಮೆಯನ್ನೆಲ್ಲ ಮೈಸೂರೆಂದೇ ಕರೆಯುವ ಇಲ್ಲಿನ ಹುಡುಗಿಯರು ಇನ್ನೂ ನನ್ನನ್ನು “ಮೈಸೂರು ಅಕ್ಕಾರು” ಎನ್ನುತ್ತಾರೆ. ನೀಲವ್ವ ಮತ್ತೆಂದೂ ಆ ಮಾತು ಎತ್ತಿಲ್ಲ. ತುಮಕೂರು ತೀರಾ ನೆನಪಾಗುವ ದಿನಗಳಲ್ಲಿ ಅವರ ಎದುರಿಗೆ ಎಲೆ ಹಿಡಿದು ಕೂತು, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತೇನೆ.