ಅಕ್ಕನ ಅರಳಿನ ಗಂಜಿ

ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಮೈಯಿಂದ ಯಾವಾಗಲೂ ಮಂಡಕ್ಕಿಯ ವಾಸನೆ ಬರುತ್ತಿತ್ತು. ಅಪ್ಪ ಹೊನ್ನಾಳಿಯಲ್ಲಿ ಹೊಳೆಯ ಹತ್ತಿರ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಭಟ್ಟಿ ಅಂದರೆ ನಿಮಗೇನು ಗೊತ್ತು ಮಕ್ಕಳೇ, ಪ್ಯಾಕೆಟ್ ಮಂಡಕ್ಕಿ ಕಂಡವರು ನೀವು! ದೊಡ್ಡ ಒಲೆ, ಅದರ ಮೇಲೆ ಕಾದ ಮರಳಿನ ಬಾಣಲೆ. ಉಪ್ಪುನೀರಿನಲ್ಲಿ ಹದ ಮಾಡಿದ ಅಕ್ಕಿಯನ್ನು ಅದಕ್ಕೆ ಸುರಿದು ಕೈಯಾಡಿಸಿದರೆ ಚಟಪಟ ಎಂದು ಬೆಳ್ಳಗೆ ಉಬ್ಬುತ್ತಿತ್ತು. ಸಂಜೆ ಹೊಟ್ಟಿನ ಹೊಗೆ, ಹುರಿದ ಉಪ್ಪು, ಬಿಸಿ ಮಂಡಕ್ಕಿ ಎಲ್ಲ ಸೇರಿದ ಆ ವಾಸನೆ ಅಪ್ಪನಿಗಿಂತ ಮೊದಲೇ ಮನೆಯೊಳಗೆ ಬರುತ್ತಿತ್ತು. ನಾನೂ ಅಕ್ಕನೂ ಓಡಿಹೋಗಿ ಅವನ ಜೇಬಿಗೆ ಕೈ ಹಾಕುತ್ತಿದ್ದೆವು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಬಾಯಿ ಬಲು ಜೋರು. ಹಸಿಮೆಣಸಿನಕಾಯಿ, ಈರುಳ್ಳಿ ಹೆಚ್ಚಿಹಾಕಿ, ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಮಂಡಕ್ಕಿ ಕಲಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಲಸಿ, ದೊಡ್ಡ ಪಾಲು ತಾನಿಟ್ಟುಕೊಂಡು, "ಸಣ್ಣೋರ ಹೊಟ್ಟೆ ಸಣ್ಣದು ಕಣೋ, ನಿಂಗೆ ಇಷ್ಟು ಸಾಕು" ಎಂದು ನನ್ನ ಕೈಗೆ ಒಂದು ಚೂರು ಹಾಕುತ್ತಿದ್ದಳು. ನಾನು ಅತ್ತರೆ ತನ್ನ ಪಾಲನ್ನೂ ನನ್ನ ಮಡಿಲಿಗೆ ಸುರಿದುಬಿಡುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಜ್ವರ ಬಂತು. ದವಾಖಾನೆಯ ಔಷಧಿಗೆ ಜ್ವರವೇನೋ ಬಿಟ್ಟಿತು, ಆದರೆ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೈಕಾಲು ಕಡ್ಡಿಯಾದವು. ಆಗ ಅಪ್ಪ ನ್ಯಾಮತಿಯಿಂದ ಪಂಡಿತರನ್ನು ಕರೆತಂದ. ನಮ್ಮ ಕಡೆ ಬೇರು-ನಾರಿನ ಔಷಧಿ ಕೊಡುವ ವೈದ್ಯರಿಗೆ ಹಾಗೆ ಕರೆಯುತ್ತಿದ್ದರು. ಅವರು ಅಕ್ಕನ ನಾಡಿ ಹಿಡಿದು, ಹೊಟ್ಟೆ ಮುಟ್ಟಿ ನೋಡಿ ಅಪ್ಪನ ಕಡೆ ತಿರುಗಿದರು.

"ಹೊಟ್ಟೆಯೊಳಗೂ ಒಂದು ಒಲೆ ಐತಪ್ಪ. ಜ್ವರದಾಗೆ ಅದು ಆರಾಕೆ ಬಂದೈತೆ. ಈಗ ಅದಕ್ಕೆ ದಪ್ಪ ಕೊರಡು ಒಟ್ಟಿದ್ರೆ ಏನಾಗ್ತೈತೆ? ಒಲೆ ಮುಂದೆ ಇರೋನು, ನೀನೇ ಹೇಳು."

"ಹೊಗೆ ಎದ್ದು ಆರಿಹೋಗ್ತೈತ್ರಿ" ಎಂದ ಅಪ್ಪ.

"ಹಂಗಾದ್ರೆ ತರಗೆಲೆಯಿಂದ ಶುರು ಮಾಡಬೇಕು. ಮೊದಲು ಅರಳಿನ ಗಂಜಿ ತಿಳಿ. ಅದು ದಕ್ಕಿದ್ರೆ ಹೆಸರುಬೇಳೆ ಕಟ್ಟು. ಆಮೇಲೆ ಮೆತ್ತಗಿನ ಅನ್ನ. ಖಾರ, ಎಣ್ಣೆ, ಮಂಡಕ್ಕಿ ಬಾಯಿಗೆ ಸೋಕಬಾರದು ನೋಡು. ಊಟ ಬಲ್ಲವನಿಗೆ ರೋಗವಿಲ್ಲ."

ಅರಳು ಅಂದರೆ ಮಂಡಕ್ಕಿಯಲ್ಲ ಮಕ್ಕಳೇ. ಉಪ್ಪು ಸೋಕಿಸದೆ, ಸಿಪ್ಪೆ ಸಮೇತ ಭತ್ತವನ್ನೇ ಹುರಿದರೆ ಮೊಗ್ಗು ಬಿರಿದ ಹಾಗೆ ಅರಳುತ್ತದೆ. ಅಪ್ಪ ಭಟ್ಟಿಯ ಕೆಲಸ ಮುಗಿದ ಮೇಲೆ ಬೇರೆ ಬಾಣಲೆಯಲ್ಲಿ ತಾನೇ ಹುರಿದು, ಒಂದೂ ಸಿಪ್ಪೆ ಉಳಿಯದ ಹಾಗೆ ಆರಿಸಿ ತರುತ್ತಿದ್ದ. ಅವ್ವ ಅದನ್ನು ನೀರಿನಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಚಿಟಿಕೆ ಒಣಶುಂಠಿ ಪುಡಿ, ಒಂದು ಕಲ್ಲು ಸೈಂಧವ ಉಪ್ಪು ಹಾಕಿ ಚಮಚದಲ್ಲಿ ಕುಡಿಸುತ್ತಿದ್ದಳು. "ಇದು ಬರೀ ನೀರು ಕಣವ್ವಾ, ಇದಕ್ಕೊಂದು ಹೆಸರು ಬೇರೆ!" ಎಂದು ಅಕ್ಕ ಮುಖ ಸಿಂಡರಿಸುತ್ತಿದ್ದಳು. ಆದರೂ ಆ ತಿಳಿ ಹೊಟ್ಟೆಯಲ್ಲಿ ನಿಂತಿತು. ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು.

ಒಂದು ಸಂಜೆ ಅಪ್ಪ ಎಂದಿನಂತೆ ಬಂದು ಅವಳ ಪಕ್ಕ ಕೂತ. ಅಕ್ಕ ಅವನ ತೋಳಿಗೆ ಮೂಗು ಒತ್ತಿ, "ಅಪ್ಪಾ, ಒಂದೇ ಒಂದು ಹಿಡಿ ಮಂಡಕ್ಕಿ" ಎಂದಳು. ಅಪ್ಪ ಆಗಲ್ಲ ಎಂದ. ಅವಳು ಅಳಲು ಶುರು ಮಾಡಿದಳು. ಅತ್ತು ಅತ್ತು, ಕುಡಿದಿದ್ದ ತಿಳಿಯೆಲ್ಲ ವಾಂತಿಯಾಯಿತು. ಅವ್ವ ಅಪ್ಪನನ್ನು ಬೈದುಬಿಟ್ಟಳು. "ಆ ವಾಸನೆ ಹೊತ್ಕೊಂಡು ಹುಡುಗಿ ಹತ್ರ ಬರಬ್ಯಾಡ್ರಿ! ಆಸೆ ಆಗದೆ ಏನಾಗ್ತೈತೆ?"

ಅಪ್ಪನಿಗೆ ಅದು ಚೆನ್ನಾಗಿ ನಾಟಿತು. ಅವತ್ತಿನಿಂದ ಭಟ್ಟಿ ಬಿಟ್ಟವನೇ ಹೊಳೆಗೆ ಹೋಗಿ ಸೀಗೆಪುಡಿ ಹಚ್ಚಿ ಮೈ ತಿಕ್ಕಿ, ಬೇರೆ ಬಟ್ಟೆ ಉಟ್ಟು ಬರುತ್ತಿದ್ದ. ಆದರೂ ಕೂದಲಲ್ಲಿ, ಉಗುರಿನ ಸಂದಿಯಲ್ಲಿ ವಾಸನೆ ಉಳಿದೈತೆ ಅನ್ನುವ ಅನುಮಾನ. ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಂಡು, ಒಳಗೆ ಬಾರದೆ ಹೊರಗಿನ ಜಗುಲಿಯಲ್ಲೇ ಕೂತುಬಿಡುತ್ತಿದ್ದ. ಅಲ್ಲಿಂದಲೇ, "ಗಂಜಿ ಕುಡಿದ್ಯೇನವ್ವಾ?" ಎಂದು ಕಿಟಕಿಯ ಕಡೆ ತಿರುಗಿ ಕೇಳುತ್ತಿದ್ದ. ಅವಳು "ಹ್ಞೂಂ" ಅನ್ನುತ್ತಿದ್ದಳು. ಬರಬರುತ್ತ ಆ "ಹ್ಞೂಂ" ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಅವ್ವ ಮೊದಲ ಸಲ ಹೆಸರುಬೇಳೆ ಕಟ್ಟು ಮಾಡಿದ್ದಳು. ಅಕ್ಕ ಅರ್ಧ ಬಟ್ಟಲು ಕುಡಿದಳು. ಅವ್ವನ ಮುಖ ಅರಳಿತ್ತು. ಮಧ್ಯಾಹ್ನ ಅಕ್ಕ ಏನೋ ಪಿಸುಗುಟ್ಟಿದಳು. ಅವ್ವ ಬಗ್ಗಿ ಕೇಳಿಸಿಕೊಂಡು ನನ್ನನ್ನು ಕೂಗಿದಳು. "ಅಕ್ಕ ಅಪ್ಪನ್ನ ಕೇಳ್ತಾ ಅದಾಳೆ, ಹೋಗಿ ಕರ್ಕೊಂಡು ಬಾ." ಅವ್ವನಿಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ನಾನು ಓಡಿದೆ. ಅಕ್ಕ ಕರೀತಾಳೆ, ಕಟ್ಟು ಕುಡಿದಳು ಎಂದು ಹೇಳಿದಾಗ ಭಟ್ಟಿಯ ಮಾಲೀಕರು ಸಾಹೇಬ್ರು, "ಹೋಗು ಮಾರಾಯ, ಇನ್ನು ಹುಷಾರಾದ್ಲು ಬಿಡು" ಎಂದು ಅಪ್ಪನ ಬೆನ್ನು ತಟ್ಟಿ ಕಳಿಸಿದರು. ಅಪ್ಪ ನಗುತ್ತಿದ್ದ. ಹೊಸದಾಗಿ ಹುರಿದ ಅರಳಿನ ಗಂಟನ್ನು ನನ್ನ ಕೈಗೆ ಕೊಟ್ಟು ಹೊಳೆಗೆ ಇಳಿದ. ಸೀಗೆಪುಡಿ ತಂದಿರಲಿಲ್ಲವೆಂದು ಮರಳಿನಿಂದಲೇ ತಲೆ ತಿಕ್ಕಿದ, ಕೈ ತಿಕ್ಕಿದ. ಮೂಸಿ ನೋಡಿದ, ಮತ್ತೆ ಮುಳುಗಿದ. ಬಿಸಿಲಿಗೆ ನೀರು ಫಳಫಳ ಹೊಳೆಯುತ್ತಿತ್ತು. "ಇವತ್ತು ಅವಳ ಪಕ್ಕದಾಗೆ ಕೂರ್ತೀನಿ ಕಣೋ" ಎಂದು ದಡಕ್ಕೆ ಬಂದ.

ನಮ್ಮ ಮನೆಯ ಮುಂದೆ ಹೆಂಗಸರು ನಿಂತಿದ್ದರು. ಅವ್ವನ ಅಳು ಬೀದಿಯ ತಿರುವಿಗೇ ಕೇಳಿಸಿತು.

ಅಪ್ಪ ಒದ್ದೆ ತಲೆಯಲ್ಲೇ ಒಳಗೆ ಹೋಗಿ ಅಕ್ಕನ ಪಕ್ಕ ಕುಸಿದ. "ಮೈ ತೊಳಕೊಂಡು ಬರಾಕೆ ಹೋಗಿದ್ದೆ ಕಣವ್ವಾ, ನೋಡು, ವಾಸನೆ ಇಲ್ಲ, ನೋಡು" ಎಂದು ಅವಳ ಮುಖದ ಹತ್ತಿರ ಕೈ ಹಿಡಿದ. ಅವ್ವ ಎದೆ ಎದೆ ಬಡಿದುಕೊಂಡು ಹೇಳಿದಳು. "ಮಂಡಕ್ಕಿ ಬ್ಯಾಡಂತೆ ರೀ ಅವಳಿಗೆ. ಇವನು ನಿಮ್ಮನ್ನ ಕರಿಯಾಕೆ ಹೋದ ಮ್ಯಾಲೆ, ಅಪ್ಪ ಯಾಕೆ ಹತ್ರ ಬರಲ್ಲ, ನನ್ ಮ್ಯಾಲೆ ಸಿಟ್ಟಾ ಅಂತ ಕೇಳಿದ್ಲು. ಅಪ್ಪ ಬಂದು ಕೂತ್ರೆ ಸಾಕು ಅಂದ್ಲು."

ನಮ್ಮ ಕಡೆ ಸತ್ತವರನ್ನು ಒಯ್ಯುವಾಗ ದಾರಿಯುದ್ದಕ್ಕೂ ಮಂಡಕ್ಕಿ ತೂರುತ್ತಾರೆ. ಭಟ್ಟಿಯವರು ಪಾಪ, ಅಳುತ್ತಳುತ್ತಲೇ ಒಂದು ಚೀಲ ತಂದಿದ್ದರು. ಯಾರೋ ಕೈ ತುಂಬ ತೆಗೆದು ಇನ್ನೇನು ತೂರಬೇಕು, ಅಪ್ಪ ಆ ಕೈ ಹಿಡಿದುಕೊಂಡ.

"ಬ್ಯಾಡ್ರಿ" ಎಂದ. "ಅವಳಿಗೆ ಪಥ್ಯ ಐತೆ."

ಯಾರೂ ತೂರಲಿಲ್ಲ. ಚೀಲವನ್ನು ಹಾಗೇ ವಾಪಸು ಒಯ್ದರು.

ಪಂಡಿತರು ಹೇಳಿದ್ದು ಸುಳ್ಳಲ್ಲ ಮಕ್ಕಳೇ. ಜ್ವರ ಅವಳ ಮೈಯಲ್ಲಿ ಏನನ್ನೂ ಉಳಿಸಿರಲಿಲ್ಲ, ಅಷ್ಟೆ. ಗಂಜಿ ಇವತ್ತಿಗೂ ಒಳ್ಳೆಯದೇ. ನಿಮಗೀಗ ಹುಷಾರು ತಪ್ಪಿದರೆ ಪುಡಿಯ ಪೊಟ್ಟಣ ಬಿಚ್ಚಿ ನೀರಿಗೆ ಕಲಸುತ್ತಾರೆ, ಬ್ರೆಡ್ ಬರುತ್ತದೆ, ದಾಳಿಂಬೆ ರಸ ಬರುತ್ತದೆ. ಫೋನು ಮಾಡಿದರೆ ಡಾಕ್ಟರ ಮುಖವೇ ಕಾಣುತ್ತದೆ. ಅದೆಲ್ಲ ನಮ್ಮ ಕಾಲದಲ್ಲಿ ಇದ್ದಿದ್ದರೆ ನಿಮಗೊಬ್ಬಳು ದೊಡ್ಡಜ್ಜಿ ಇರುತ್ತಿದ್ದಳು, ನಿಮ್ಮ ಪಾಲಿನ ಮಂಡಕ್ಕಿಯನ್ನೂ ಕಿತ್ತುಕೊಳ್ಳುತ್ತಿದ್ದಳು.

ಮೊನ್ನೆ ನಮ್ಮ ಪುಟ್ಟನಿಗೆ ವಾಂತಿ-ಭೇದಿಯಾಗಿ ಮಲಗಿದ್ದಾಗ ನಿಮ್ಮಪ್ಪ ಗ್ಯಾರೇಜಿನಿಂದ ಬಂದ. ಅಂಗಿಯೆಲ್ಲ ಆಯಿಲ್. ಸ್ನಾನ ಮಾಡಿ ಬರ್ತೀನಿ ಎಂದು ಬಚ್ಚಲಿಗೆ ಹೊರಟವನನ್ನು ನಾನು ಗದರಿದೆ. "ಕೈ ತೊಳಿ ಸಾಕು, ಸ್ನಾನ ಆಮೇಲೆ! ಮೊದಲು ಮಗು ಹತ್ರ ಹೋಗಿ ಕೂರೋ!" ಅಜ್ಜನಿಗೆ ಏನೋ ಆಗಿದೆ ಎಂದು ನೀವೆಲ್ಲ ಕಿಸಿಕಿಸಿ ನಕ್ಕಿರಿ. ನಿಮ್ಮಪ್ಪ ಹೋಗಿ ಕೂತ. "ಥೂ ಅಪ್ಪಾ, ವಾಸನೆ" ಎಂದು ಮೂಗು ಮುಚ್ಚಿಕೊಂಡ ಪುಟ್ಟ, ಆಮೇಲೆ ಅದೇ ಅಂಗಿಗೆ ಮುಖ ಒತ್ತಿ ನಿದ್ದೆಹೋದ. ನಾನು ಹಿತ್ತಲಿಗೆ ಹೋಗಿ, ನಿಮಗೆ ಕೇಳದಿರಲೆಂದು ನಲ್ಲಿ ತಿರುಗಿಸಿ, ಅಕ್ಕಾ ಅಕ್ಕಾ ಎಂದು ಅತ್ತೆ.