ಓಣಿಗೆಲ್ಲ ಒಂದೇ ಗುಲಾಬಿ ಪರದೆ

ಮನೆಗೆ ಹೊಸ ಇಂಟೀರಿಯರ್ ಮಾಡಿಸುತ್ತಿರುವ ಸೊಸೆ, ಹಳೆಯ ಟ್ರಂಕ್ ಖಾಲಿ ಮಾಡಿಕೊಡಿ ಎಂದಿದ್ದಳು. ಮುಚ್ಚಳ ತೆಗೆದೆ. ನುಸಿ ಗುಳಿಗೆಯ ಘಾಟು, ಅದರಡಿ ನನ್ನ ಗುಲಾಬಿ ಹೂವಿನ ಪರದೆಗಳು. ಒಂದರ ಅಂಚಿನಲ್ಲಿ ಇಳಕಲ್ ಸೀರೆಯ ಕೆಂಪು ತೇಪೆ. ಬೆರಳು ಅಲ್ಲೇ ನಿಂತಿತು. ಎದುರುಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮ...

ಆಗ ನಾನು ಮದುವೆಯಾಗಿ ಜಲನಗರಕ್ಕೆ ಬಂದ ಹೊಸತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ನೀಡಲ್‌ವರ್ಕ್, ಫ್ಲವರ್ ಅರೇಂಜ್‌ಮೆಂಟ್ ಎಲ್ಲ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಪ್ರಯೋಗವಾಗುತ್ತಿತ್ತು. ಫ್ರಿಲ್ ಇಟ್ಟು ಹೊಲಿದ ಈ ಕರ್ಟನ್‌ಗಳೆಂದರೆ ನನಗೆ ವಿಪರೀತ ಪ್ರೈಡ್. ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಅವು ಅಲ್ಲಿಗೆ ಹೋಗುತ್ತಿದ್ದವು. ಹಿಂದಿನ ಮನೆಯ ಟೀ ಸೆಟ್, ಮೂಲೆಮನೆಯ ಜಮಖಾನವೂ ಜೊತೆಗೆ. ಅದನ್ನು ಬೇಡುವುದು ಎಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ.

ಕಾಕು ಬಿಜ್ಜರಗಿ ಹಳ್ಳಿಯಿಂದ ಬಂದವರು. ಅವರ ಬಾಗಿಲಿಗೆ ಪರದೆಯೇ ಇರಲಿಲ್ಲ; ಕೇಳಿ ತರಲು ಮೊದಮೊದಲು ಸಂಕೋಚ. ಮಗಳನ್ನು ನೋಡಿಹೋದವರು “ಮನಿ ಭಾಳ ಬೋಳ ಐತಿ” ಅಂದದ್ದು ಯಾರಿಂದಲೋ ಅವರ ಕಿವಿಗೆ ಬಿದ್ದಿತ್ತು. ಆ ಸಂಬಂಧ ಕೂಡಿಬರಲಿಲ್ಲ. ಇನ್ನೊಂದು ಬಂದ ದಿನ ಕಾಕು ಬೆಳಿಗ್ಗೆಯೇ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು.

“ಬೇ, ನಿನ್ನ ಗುಲಾಬಿ ಪಡದಾ ಕೊಡ. ನಿನ್ನ ಕಾನ್ವೆಂಟ್ ಸ್ಟೈಲ್ ಇವತ್ತೊಂದಿನ ನಮ್ಮ ಮನಿಗೂ ಹತ್ತಲಿ. ಈ ಸಲನೂ ತಪ್ಪಿದ್ರ ಇನ್ನ ಯಾರ ಮುಂದೂ ಕುಂದ್ರಂಗಿಲ್ಲ ಅಂದಾಳ ಮಗಳು.”

ನಾನೇ ಹೋಗಿ ಕಟ್ಟಿದೆ. ಅವಸರದಲ್ಲಿ ಒಂದು ಪರದೆ ಬಾಗಿಲ ಮೊಳೆಗೆ ಸಿಕ್ಕಿ ಹರಿಯಿತು. ಹರಿದ ಅಂಚನ್ನು ಒಳಕ್ಕೆ ಮಡಚಿ ಪಿನ್ ಹಾಕಿದೆ.

ಒಳಗೆ ಬಂದ ಹುಡುಗನ ತಾಯಿ ಹುಡುಗಿಯನ್ನು ಬಿಟ್ಟು ಪರದೆಯನ್ನೇ ನೋಡಿದರು. “ಇವನ್ನ ಎಲ್ಲೋ ನೋಡೇನಲ್ರಿ... ಹಿರೇ ಮಗನ ಸಲುವಾಗಿ ಇದ ಓಣ್ಯಾಗ ಮೂಲಿಮನಿಗೆ ಹೆಣ್ಣ ನೋಡಾಕ ಬಂದಿದ್ವಿ. ಅಲ್ಲೂ ಇವ ಗುಲಾಬಿ!”

ಅಡುಗೆಮನೆಯಲ್ಲಿ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದ ನಾನು ಬಾಗಿಲ ಸಂದಿಯಿಂದ ಇಣುಕಿದೆ. ಹುಡುಗಿ ತಲೆಯನ್ನು ಇನ್ನಷ್ಟು ತಗ್ಗಿಸಿದಳು.

ಕಾಕು ಸೆರಗು ಸರಿಮಾಡಿಕೊಂಡರು. “ಹೌದ್ರಿ, ಅವ. ಪಡದಾ ಎದುರಮನ್ಯಾವ್ರದು, ಕಪ್ಪು-ಬಶಿ ಹಿಂದಿನ ಮನ್ಯಾವ್ರದು, ನೀವು ಕುಂತ ಜಮಖಾನ ಮೂಲಿಮನ್ಯಾವ್ರದು. ಹುಡುಗಿ ಅಷ್ಟ ನಮ್ಮಾಕಿ. ಆಕಿನ್ನ ನೋಡ್ರಿ.”

ಆ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಯವ್ವಾ, ನನ್ನ ನೋಡಾಕ ಬಂದಾಗ ನಮ್ಮಪ್ಪ ಗ್ವಾಡಿ ಗಡಿಯಾರ ಇಸ್ಕೊಂಡ ಬಂದಿದ್ದ. ಅದು ನಡೀತಾನ ಇರಲಿಲ್ಲ!”

ಉಪ್ಪಿಟ್ಟು ತಿಂದು, ಮದುವೆಯ ಮಾತು ಮುಗಿಸಿಯೇ ಎದ್ದರು.

ಪರದೆ ಒಗೆಸಿಕೊಂಡು, ಇಸ್ತ್ರಿಯಾಗಿ ಮರಳಿತು, ಈ ತೇಪೆಯೊಂದಿಗೆ. “ನಿನ್ನ ಇಂಗ್ಲಿಷ್ ಗುಲಾಬಿಗೆ ಹೊಂದೂ ಅರಿವಿ ಸಿಗಲಿಲ್ಲ ಬೇ, ನನ್ನ ಸೀರಿ ದಡಿ ಹಚ್ಚೇನಿ” ಅಂದರು ಕಾಕು. ಆಮೇಲೆ ಪರದೆಗಳು ಓಣಿಯ ಯಾವ ಮನೆಗೆ ಹೋದರೂ ಹೆಂಗಸರು ಹಟ ಹಿಡಿದು ತೇಪೆಯದನ್ನೇ ಮುಂದೆ ಕಟ್ಟಿಸುತ್ತಿದ್ದರು. ಸಂಬಂಧ ಕೂಡಿಸಿದ ಪಡದಾ ಅದು...

ಕಾಕು ತೀರಿಕೊಂಡು ಬಹಳ ವರ್ಷಗಳಾದವು. ಈಗ ಹುಡುಗ-ಹುಡುಗಿ ಹೋಟೆಲಿನಲ್ಲಿ ಭೇಟಿಯಾಗುತ್ತಾರಂತೆ. ನಮ್ಮ ಕಿಟಕಿಗಳಿಗೆ ಬ್ಲೈಂಡ್ಸ್ ಬರುತ್ತವೆ, ಗೋಡೆಗೆಲ್ಲ ತಿಳಿ ಬೀಜ್ ಬಣ್ಣ. ಸುಳ್ಳೇಕೆ, ಮನೆ ಎಲಿಗೆಂಟ್ ಆಗಿಯೇ ಕಾಣುತ್ತಿದೆ. ನನ್ನ ಕೋಣೆಯೊಂದನ್ನು ಮಾತ್ರ ಬಿಡು ಎಂದೆ; ಸೊಸೆ ನಕ್ಕು ಒಪ್ಪಿದಳು.

ಪರದೆ ಒಗೆದು ಕಟ್ಟಿಕೊಂಡಿದ್ದೇನೆ, ತೇಪೆ ಮುಂದೆ ಮಾಡಿ. ಬೆಳಿಗ್ಗೆ ಬಾಗಿಲು ಬಡಿದರೆ ಈಗಲೂ ಒಮ್ಮೆ ಪರದೆಯತ್ತ ನೋಡುತ್ತೇನೆ. ಬಂದವನು ಕೊರಿಯರ್‌ನವನು. ಒಂದು ದಿನದ ಮಟ್ಟಿಗೆ ಕೊಡು ಎಂದು ಕೇಳುವವರು ಇನ್ನು ಬರುವುದಿಲ್ಲ.